ಕಿವಿಗೆ ಎಟುಕಿದ ಕೈ

ನನಗಿಂತ ಎರಡು ವರ್ಷ ಮುಂಚೆ ಹುಟ್ಟಿದ ಅಣ್ಣಯ್ಯನಿಗೆ,

ಹನಗೋಡಿನ ಶಾಲೆಗೆ ಅಪ್ಪ ನಮ್ಮಿಬ್ಬರನ್ನೂ ಒಂದೇ ದಿನ ಸೇರಿಸಿದ್ದು ನಿನಗೆ ನೆನಪಿರಬೇಕು. "ದೊಡ್ಡೋನ್ಗೆ ಏಳು, ಚಿಕ್ಕೋನ್ಗೆ ಐದು, ಬುದ್ದಿ" ಎಂದ ಅಪ್ಪ. ಮೇಷ್ಟ್ರು ನಂಬಬೇಕಲ್ಲ! ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳಿದರು. ಗಿಡ್ಡ ಕೈಯ ನಿನಗೆ ಎಟುಕಲಿಲ್ಲ, ಉದ್ದ ಕೈಯ ನನಗೆ ಎಟುಕಿತು. "ಕೈ ಸುಳ್ಳು ಹೇಳೋದಿಲ್ಲ ಕಣಯ್ಯ" ಎಂದು ಏಳು ನನಗೆ, ಐದು ನಿನಗೆ ಬರೆದುಕೊಂಡರು. ಅಪ್ಪ ಹೆಬ್ಬೆಟ್ಟು ಒತ್ತಿದ. ಅವತ್ತಿನಿಂದ ಕಾಗದದಲ್ಲಿ ನಾನು ಅಣ್ಣ, ನೀನು ತಮ್ಮ. ಮನೆಯಲ್ಲಿ ಎಷ್ಟು ನಗುತ್ತಿದ್ದೆವು ಇದಕ್ಕೆ.

ನಾಲೆ ಏರಿಯ ಮೇಲೆ ಓಡುವಾಗ ಒಂದು ದಿನವಾದರೂ ನಿನ್ನನ್ನು ಹಿಂದೆ ಹಾಕಿದ್ದೇನೆಯೇ? ಎಪ್ಪತ್ತು ದಾಟಿದ ಮೇಲೂ ನಿನ್ನ ಹಿಮ್ಮಡಿ ನೋಡಿಕೊಂಡೇ ಓಡಿದವನು ನಾನು. ಆದರೆ ಹಿರಿಯರ ಕ್ರೀಡಾಕೂಟದಲ್ಲಿ ವಯಸ್ಸಿನ ಪ್ರಕಾರ ಗುಂಪು. ಆಧಾರ್ ನೋಡಿ ನನ್ನನ್ನು ಎಪ್ಪತ್ತೈದು ದಾಟಿದವರ ಜೊತೆ ಬಿಟ್ಟರು, ನಿನ್ನನ್ನು ಎಪ್ಪತ್ತು ದಾಟಿದವರ ಜೊತೆ. ನಾನು ಮುದುಕರ ನಡುವೆ ಚಿನ್ನ ಗೆದ್ದೆ. ನೀನು ನಿನಗಿಂತ ಚಿಕ್ಕವರನ್ನು ಅಟ್ಟಿಸಿಕೊಂಡು ಹೋಗಿ ಪ್ರತಿ ಸಲವೂ ನಾಲ್ಕನೆಯವನು. ನಿಜ ಹೇಳಿಬಿಡೋಣ ಎಂದಾಗ ನೀನೇ ನನ್ನ ಬಾಯಿ ಮುಚ್ಚಿಸಿದೆ. "ಬುಡ್ಲಾ ಕೆಂಪ, ಹೇಳುದ್ರೆ ನಿನ್ ಪದಕನೂ ಹೋಯ್ತದೆ. ಮನೇಲಿ ಒಂದಾದ್ರೂ ಇರ್ಲಿ." ನಾನೂ ಒಪ್ಪಿಕೊಂಡೆ. ಪದಕ ನನಗೂ ಬೇಕಾಗಿತ್ತು ಅಣ್ಣಯ್ಯ.

ಮೈಸೂರಿನ ಕೂಟದ ದಿನ ನಾನು ಎಂಟುನೂರು ಮೀಟರ್ ಗೆದ್ದು ಕೊರಳಿಗೆ ಪದಕ ಹಾಕಿಸಿಕೊಳ್ಳುತ್ತಿದ್ದೆ. ಅತ್ತ ನಿನ್ನ ಗುಂಪಿನ ಎಂಟುನೂರು ಮೀಟರ್ ಓಟ. ಕೊನೆಯ ತಿರುವಿನಲ್ಲಿ ಮೂರನೆಯವನನ್ನು ಹಿಡಿಯಲು ನೀನು ಹೊರಟದ್ದು ಕಂಡಿತು. ಗೆರೆ ದಾಟಿದೆ. ಮಂಡಿಯೂರಿದೆ. ಆಮೇಲೆ... ಜನರನ್ನು ತಳ್ಳಿಕೊಂಡು ನಾನು ಬರುವ ಹೊತ್ತಿಗೆ ನಿನ್ನಲ್ಲಿ ಉಸಿರಿರಲಿಲ್ಲ. ನಿನ್ನ ವಾರಿಗೆಯವರ ಜೊತೆ ಬಿಟ್ಟಿದ್ದರೆ ಅಷ್ಟು ಜೀವ ತೇಯುತ್ತಿದ್ದೆಯಾ? ಈ ಮಾತು ನನ್ನನ್ನು ಊಟ ಮಾಡಲೂ ಬಿಡುತ್ತಿಲ್ಲ.

ತಿಥಿ ಮುಗಿದ ಮೇಲೆ ಫಲಿತಾಂಶದ ಪಟ್ಟಿ ಮೊಬೈಲಿಗೆ ಬಂತು. ಇದು ನಿನಗೆ ಗೊತ್ತಿಲ್ಲ. ನಾಲ್ಕನೆಯವನಾದ ನೀನು, ಚಿನ್ನ ಗೆದ್ದ ನನಗಿಂತ ಮೂರು ಸೆಕೆಂಡು ಬೇಗ ಓಡಿದ್ದೆ. ಪದಕ ಹಿಡಿದು ಮೈಸೂರಿಗೆ ಹೋಗಿ, ನಮ್ಮಿಬ್ಬರ ವಯಸ್ಸು ಅದಲುಬದಲಾದದ್ದನ್ನು ಹೇಳಿದೆ. "ಪುರಾವೆ ಏನಿದೆ ತಾತ?" ಎಂದರು ಸಂಘಟಕರು. ತಲೆಯ ಮೇಲಿಂದ ಕೈ ತಂದು ಕಿವಿ ಮುಟ್ಟಿ ತೋರಿಸಿದೆ. ನಕ್ಕರು, ಪಾಪ, ಅವರಿಗೇನು ಗೊತ್ತು. ಪದಕವನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ. ತೀರ್ಮಾನವಾದರೆ ಅದು ನನ್ನ ಹಿಂದೆ ಬಂದವನಿಗೆ ಹೋಗುತ್ತದಂತೆ. ನಿನಗಂತೂ ಇಲ್ಲ.

ನಿನ್ನೆ ಸಮಾಧಿಯ ಕಲ್ಲು ಕೆತ್ತುವವನು ಬಂದಿದ್ದ. ಹುಟ್ಟಿದ ಇಸವಿ ಕೆತ್ತಬೇಕು ಎಂದು ನಿನ್ನ ಆಧಾರ್ ಕೇಳಿದ. "ಅದ್ರಲ್ಲಿರೋದು ತಪ್ಪು ಕಣಪ್ಪ, ಇದ್ನ ನೋಡ್ಕಂಡು ಕೆತ್ತು" ಎಂದು ನನ್ನದನ್ನು ಕೊಟ್ಟೆ. ಅದರಲ್ಲಿರುವುದು ನೀನು ಹುಟ್ಟಿದ ಇಸವಿ, ಅಣ್ಣಯ್ಯ. ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದೆ.

ನಿನ್ನ ತಮ್ಮ,
ಕೆಂಪ