ಒಕ್ಕಣ್ಣನ ಹಣೆಯ ಅಂಟು

ಮಾರ್ಚ್ ೧೧, ಮಂಗಳವಾರ, ರಾತ್ರಿ

ಇವತ್ತೂ ನಮ್ಮವರು ಹಣೆಯ ತುಂಬ ಅಂಟು ಹೊತ್ತುಕೊಂಡೇ ಮನೆಗೆ ಬಂದರು. ಸಿನಿಮಾದಲ್ಲಿ ಗ್ರೀಕ್ ಪುರಾಣದ ಒಕ್ಕಣ್ಣ ರಾಕ್ಷಸನ ಪಾತ್ರ. ಗುಹೆ ಗೋಣಿತಾಟಿನದು, ಕುರಿಗಳು ರಟ್ಟಿಗೆ ಹತ್ತಿ ಮೆತ್ತಿದವು. ಇದ್ದಬದ್ದ ದುಡ್ಡನ್ನೆಲ್ಲ ಸುರಿದಿರುವುದು ಆ ಒಂದು ರಬ್ಬರ್ ಕಣ್ಣಿಗೆ. ಅದನ್ನು ಹಣೆಯ ಮೇಲೆ ಕೂರಿಸಲು ಮೇಕಪ್‌ನವಳಿಗೆ ದಿನಾ ಬೆಳಿಗ್ಗೆ ಎರಡು ಗಂಟೆ ಬೇಕಂತೆ. ಅಷ್ಟು ಹೊತ್ತೂ ಇವರ ಮುಖದಿಂದ ಗೇಣು ದೂರದಲ್ಲಿ ಅವಳ ಮುಖ. ಮಗು ಹುಟ್ಟಿದ ಮೇಲೆ ಇವರು ನನ್ನನ್ನು ಎರಡು ನಿಮಿಷ ನೆಟ್ಟಗೆ ನೋಡಿದ್ದಿಲ್ಲ.

"ಅಷ್ಟು ಹೊತ್ತು ಇಬ್ರೂ ಏನ್ ಮಾತಾಡ್ತೀರಿ?" ಎಂದೆ.

"ಮಾತಾಡಿದ್ರೆ ಕಣ್ಣು ಕಿತ್ಕೊಂಡ್ ಬರುತ್ತೆ ಕಣೇ. ಕಣ್ಮುಚ್ಕೊಂಡು ಕೂತಿರ್ತೀನಿ."

"ಅವಳೂ ಮುಚ್ಕೊಂಡಿರ್ತಾಳಾ?"

ನಕ್ಕರು. ಉಂಡು ಮಲಗಿಬಿಟ್ಟರು.

ಮಗು ನಡುವೆ ಎದ್ದು ಹಾಲು ಕುಡಿದು ಮಲಗಿತು. ನನಗೆ ನಿದ್ದೆ ಹತ್ತಲಿಲ್ಲ. ಅಂಟು ಚರ್ಮ ಸುಟ್ಟರೆ? ಕರಗಿ ಕಣ್ಣಿಗಿಳಿದರೆ? ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಒರೆಸತೊಡಗಿದೆ. ಈಗ ಗೇಣು ದೂರದಲ್ಲಿ ನನ್ನ ಮುಖ. ಬೇಕೆಂದೇ ನಿಧಾನ ಮಾಡಿದೆ.

ಇವರು ನಿದ್ದೆಗಣ್ಣಲ್ಲೇ ಗೊಣಗಿದರು: "ಬೇಗ ತೆಗೀರಿ ಮೇಡಂ. ಮನೇಲಿ ಮಗು ಕಾಯ್ತಿರುತ್ತೆ."

ಮೇಡಂ ಅಂದದ್ದನ್ನು ಹೇಗೋ ನುಂಗಿಕೊಂಡೆ. ಆದರೆ ಮಗು ಯಾವತ್ತು ಇವರಿಗಾಗಿ ಕಾದಿದೆ? ಹೊಟ್ಟೆ ತುಂಬಿದರೆ ಮಲಗುತ್ತದೆ. ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತಿರುವವಳು…

ಹೋಗಲಿ. ಅಂಟನ್ನು ಒಂದಿಷ್ಟೂ ಉಳಿಸದೆ ತೆಗೆದಿದ್ದೇನೆ. ನಾಳೆ ಬೆಳಿಗ್ಗೆ ಅವಳು ಹತ್ತಿರದಿಂದಲೇ ನೋಡಲಿ. ಈ ಹಣೆಯನ್ನು ಒರೆಸಿ ಕಳಿಸುವವರು ಮನೆಯಲ್ಲಿ ಒಬ್ಬರಿದ್ದಾರೆ ಅಂತ ಗೊತ್ತಾಗಲಿ.