ಇನ್ನೂರೆಂಬತ್ತು ಜನ ಎತ್ತಿಯೂ ಊರು ಸೇರದ ಮನೆ

ಮಾನ್ಯ ತಾಲ್ಲೂಕು ಅಧಿಕಾರಿಗಳೇ,

ನನ್ನ ಮನೆ ರಸ್ತೆಯ ನಟ್ಟನಡುವೆ ನಿಂತು ಇಂದಿಗೆ ಹದಿಮೂರು ದಿನವಾಯಿತು. ಅದನ್ನು ಅಲ್ಲಿ ತಂದು ನಿಲ್ಲಿಸಿದವರು ತಾವು. ಹೊರಟ ಜಾಗದಿಂದ ನೂರ ಮೂವತ್ತು ಹೆಜ್ಜೆ ಬಂದಿದೆ, ಸೇರಬೇಕಾದ ಜಾಗಕ್ಕೆ ಇನ್ನೂ ತೊಂಬತ್ತು ಹೆಜ್ಜೆ ಬಾಕಿ ಇದೆ. ಮೀನಿನ ಲಾರಿಗಳು ಶಾಲೆಯ ಹಿಂದಿನಿಂದ ಸುತ್ತಿ ಹೋಗುತ್ತಿವೆ. ಬೈಕಿನವರು ಮಾತ್ರ ತಲೆ ಬಗ್ಗಿಸಿ ನನ್ನ ಮನೆಯ ಕಂಬಗಳ ನಡುವೆಯೇ ನುಸುಳುತ್ತಾರೆ. ಕೆಲವರು ಮರ್ಯಾದೆಗೆಂದು ಒಮ್ಮೆ ಹಾರ್ನ್ ಹೊಡೆಯುತ್ತಾರೆ. ಕಾಲಡಿಯಿಂದ ಬಂದ ಹಾರ್ನಿಗೆ ಬೆಚ್ಚಿ ಈಗಾಗಲೇ ಎರಡು ಸಲ ಸಾರಿಗೆ ಉಪ್ಪು ಹೆಚ್ಚು ಹಾಕಿದ್ದೇನೆ.

ನಮ್ಮ ಬುಗಿಸ್ ಜನರಲ್ಲಿ ಮನೆ ಬದಲಾಯಿಸುವುದೆಂದರೆ ಮರದ ಮನೆಯನ್ನು ಕಂಬಗಳ ಸಮೇತ ಹೊತ್ತುಕೊಂಡು ಹೋಗುವುದು ಎಂದು, ಬೇರೆ ದ್ವೀಪದಿಂದ ವರ್ಗವಾಗಿ ಬಂದ ತಮಗೆ ಯಾರೋ ಹೇಳಿರಬೇಕು. ಹೇಗೆ ಹೊರುತ್ತೇವೆ ಎಂಬುದನ್ನು ಮಾತ್ರ ಹೇಳಿದಂತಿಲ್ಲ. ಇದೇ ಮನೆಯನ್ನು ಇಪ್ಪತ್ತಾರು ವರ್ಷಗಳ ಹಿಂದೆ ಹೊಳೆದಂಡೆಯಿಂದ ಮುನ್ನೂರು ಹೆಜ್ಜೆ ಹೊತ್ತು ತಂದಾಗ ಇದ್ದವರು ನಲವತ್ತೆಂಟೇ ಜನ. ಹನ್ನೆರಡು ಕಂಬ, ಹನ್ನೆರಡು ಮನೆತನ, ಕಂಬಕ್ಕೆ ನಾಲ್ವರು. ಯಾವ ಕಂಬ ಯಾವ ಮನೆತನದ್ದು ಎಂದು ಊರಿನ ಹಸುಗೂಸಿಗೂ ಗೊತ್ತಿತ್ತು. ಕೂಗು ಹಾಕಿ ದಾರಿ ತೋರುವ ಅಂಬೊ ಸಕ್ಕಾ ಒಂದು ಮೂಲೆ ಕುಸಿದರೆ ಸಾಕು, ಆ ಮನೆತನದ ಹೆಸರು ಹಿಡಿದು, ಬೆಳಗ್ಗೆ ಮನೇಲಿ ಗಂಜಿ ಹಾಕ್ಲಿಲ್ವೇನೋ ಎಂದು ಕೂಗುತ್ತಿದ್ದ. ಆ ಮಾತು ಆ ಮನೆಯ ಹುಡುಗನ ಮದುವೆಯ ದಿನದವರೆಗೂ ಬೆನ್ನು ಬಿಡುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಎತ್ತುತ್ತಿದ್ದರು. ಅಂದು ನನ್ನ ಗೋಡೆಯ ಗಡಿಯಾರ ಕೂಡ ನಿಲ್ಲಲಿಲ್ಲ.

ತಮಗೆ ನಲವತ್ತೆಂಟು ಸಾಲಲಿಲ್ಲ. ತಾಲ್ಲೂಕಿನ ಒಗ್ಗಟ್ಟು ಪ್ರಾಂತ್ಯಕ್ಕೆಲ್ಲ ಕಾಣಬೇಕೆಂದು ನನ್ನ ಮನೆ ಸಾಗಣೆಯನ್ನು ಮಹೋತ್ಸವ ಮಾಡಿದಿರಿ. ಹನ್ನೊಂದು ಗ್ರಾಮಗಳಿಂದ ಇನ್ನೂರೆಂಬತ್ತು ಗಂಡಸರನ್ನು ಕರೆಸಿದಿರಿ. ಮನೆತನಗಳ ಭೇದ ಕಾಣಬಾರದೆಂದು ಎಲ್ಲರಿಗೂ ಒಂದೇ ಕಿತ್ತಳೆ ಬಣ್ಣದ ಅಂಗಿ ಹಂಚಿದಿರಿ. ಕಂಬಗಳ ಹಂಚಿಕೆ ಹಳೆಯ ಕಾಲದ್ದು, ಯಾರು ಎಲ್ಲಿ ಬೇಕಾದರೂ ಹಿಡಿಯಲಿ ಎಂದು ಅಪ್ಪಣೆ ಕೊಟ್ಟಿರಿ. ಪೂರ್ವಭಾವಿ ಸಭೆಯಲ್ಲಿ, ಯಾರಿಗಾದರೂ ಆಕ್ಷೇಪವಿದೆಯೇ ಎಂದು ಕೇಳಿದ್ದು ನಿಜ. ಅರವತ್ತು ಜನ ಕೂತಿದ್ದೆವು. ಅಂಬೊ ಸಕ್ಕಾ ನನ್ನ ಮುಖ ನೋಡಿದ, ನಾನು ಮಸೀದಿಯ ಹಿರಿಯರ ಮುಖ ನೋಡಿದೆ, ಅವರು ಸೂರು ನೋಡಿದರು. ಯಾರಾದರೂ ಹೇಳುತ್ತಾರೆ ಎಂದುಕೊಂಡು ಅರವತ್ತು ಜನರೂ ಸುಮ್ಮನಿದ್ದೆವು, ತಾವು ಸರ್ವಾನುಮತ ಎಂದು ಬರೆದುಕೊಂಡಿರಿ. ಆ ಅರವತ್ತರಲ್ಲಿ ನಾನೂ ಒಬ್ಬಳು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ನನಗಾದರೂ ಗೊತ್ತಿರಬೇಕಿತ್ತು. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಇಡೀ ತರಗತಿ ಒಟ್ಟಿಗೆ ಏಳರ ಮಗ್ಗಿ ಹೇಳುವಾಗ ಹೆಂಚು ಹಾರಿಹೋಗುವಂತೆ ಕೇಳಿಸುತ್ತದೆ. ಒಬ್ಬನನ್ನೇ ಎಬ್ಬಿಸಿ ನಿಲ್ಲಿಸಿದರೆ ಏಳು ಮೂರಲ ಬಾಯಿಗೆ ಬರುವುದಿಲ್ಲ. ಅಷ್ಟು ಹೊತ್ತೂ ಆತ ಬರೀ ತುಟಿ ಆಡಿಸುತ್ತಿದ್ದ. ಹಾಗೆಂದು ಅವನು ಮೋಸಗಾರನೇ? ಅಲ್ಲವೇ ಅಲ್ಲ. ತಾನು ಹೇಳುತ್ತಿದ್ದೇನೆಂದು ಅವನೂ ನಂಬಿರುತ್ತಾನೆ, ಏಕೆಂದರೆ ಸದ್ದು ಬರುತ್ತಿದೆಯಲ್ಲ!

ಆ ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ ಮುಗಿದ ಮೇಲೆ ಇನ್ನೂರೆಂಬತ್ತು ಜನ ನನ್ನ ಮನೆಯ ಕೆಳಗೆ ಹೊಕ್ಕಾಗ ನಾನು ಮುಖಗಳನ್ನು ನೋಡಲಿಲ್ಲ, ಹಿಮ್ಮಡಿಗಳನ್ನು ನೋಡಿದೆ. ನಿಜವಾಗಿ ಎತ್ತುವವನ ಹಿಮ್ಮಡಿ ಮಣ್ಣಿಗೆ ಇಳಿಯುತ್ತದೆ. ಮುಖಗಳಲ್ಲಿ ನರ ಉಬ್ಬಿದ್ದವು, ಹಲ್ಲುಗಳು ಬಿಗಿದಿದ್ದವು, ಗಂಟಲುಗಳು ಹರಿದುಹೋಗುತ್ತಿದ್ದವು. ಹಿಮ್ಮಡಿಗಳು ಮಾತ್ರ ಸಂತೆ ನೋಡಲು ಬಂದವರವು. ಹೊರಲೆಂದು ಕಂಬಗಳಿಗೆ ಅಡ್ಡ ಕಟ್ಟಿದ ಬೊಂಬನ್ನು ಬಲಗಡೆ ಹಿಡಿದಿದ್ದವನು ನನ್ನ ಹಳೆಯ ವಿದ್ಯಾರ್ಥಿ ಬಹಾರ್. ಬಗ್ಗಿ ಕೇಳಿದೆ:

"ಏನೋ ಬಹಾರ್, ಬೊಂಬು ಎತ್ತಾ ಇದೀಯಾ, ಇಲ್ಲಾ ಒಗೆದ ಲುಂಗಿ ಥರ ಜೋತು ಬಿದ್ದಿದೀಯಾ?"

"ಎತ್ತಾ ಇದೀನಿ ಟೀಚರ್. ಎಲ್ರೂ ಎತ್ತಾ ಇದಾರಲ್ಲ."

"ಎಲ್ರ ವಿಷಯ ಕೇಳ್ಲಿಲ್ಲ. ನಿನ್ನ ವಿಷಯ ಕೇಳ್ದೆ."

ಆತ ಸ್ವಲ್ಪ ಯೋಚಿಸಿ, ಬಿಟ್ರೆ ಬಿದ್ದೋಗುತ್ತೇನೋ ಅಂತ ಹಿಡ್ಕೊಂಡಿದೀನಿ ಎಂದ. ಸತ್ಯವಂತ. ಹಾಗಾದರೆ ಮನೆ ಎದ್ದದ್ದು ಯಾರ ಬಲದಿಂದ ಎಂದು ತಾವು ಕೇಳಬಹುದು. ನನ್ನ ಎಣಿಕೆಯಲ್ಲಿ ಎಪ್ಪತ್ತು ಜನ ಎತ್ತುತ್ತಿದ್ದರು, ಉಳಿದವರು ಆ ಎಪ್ಪತ್ತು ಜನರ ಕಾಲು ತುಳಿಯುತ್ತಿದ್ದರು.

ಇಷ್ಟಾದರೂ ತೆವಳಿಕೊಂಡು ತಲುಪುತ್ತಿತ್ತೇನೋ. ಅಷ್ಟರಲ್ಲಿ ತಮ್ಮ ಕಚೇರಿಯ ಕ್ಯಾಮೆರಾ ಮುಂದೆ ಬಂತು. ಜನ ನೋಡುತ್ತಿದ್ದರೆ ಗಂಡಸಿಗೆ ಎಲ್ಲಿಲ್ಲದ ಶಕ್ತಿ ಬರುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಮುಂದಿನ ಸಾಲಿನವರು ಒಮ್ಮೆಲೇ ಭೀಮರಾದರು. ಹಿಂದಿನ ಸಾಲಿಗೆ ಕ್ಯಾಮೆರಾ ಕಾಣಿಸುತ್ತಿರಲಿಲ್ಲ, ಆದ್ದರಿಂದ ಅಲ್ಲಿ ಯಾರೂ ಏನೂ ಆಗಲಿಲ್ಲ. ನನ್ನ ಮನೆ ಮೂತಿ ಮೇಲೆತ್ತಿ, ಹಿಂಗಾಲಿನ ಮೇಲೆ ಕೂತ ಎಮ್ಮೆಯಂತಾಯಿತು. ಒಳಗಿನ ಕಪಾಟು ಹಿಂದಿನ ಗೋಡೆಗೆ ಹೋಗಿ ಒರಗಿತು. ಅದೇ ಗಳಿಗೆಯಲ್ಲಿ ತಾವು ಮೂಲೆಕಂಬದ ಐದು ಜನರನ್ನು ಪಕ್ಕಕ್ಕೆ ಸರಿಸಿ, ಬೊಂಬಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯನ್ನು ಜನರತ್ತ ಬೀಸಿದಿರಿ. ಆ ಐದು ಜನ ನಿಜವಾಗಿ ಎತ್ತುತ್ತಿದ್ದವರು, ಮಾನ್ಯರೇ! ಬೊಂಬು ಸೀಳಿತು, ಮನೆ ಧೊಪ್ಪೆಂದು ಕೂತಿತು. ಅಂಬೊ ಸಕ್ಕಾ ಬಾಯಿ ತೆರೆದವನು ಹಾಗೆಯೇ ಮುಚ್ಚಿ ನನ್ನತ್ತ ತಿರುಗಿದ.

"ಎಲ್ಲಾ ಒಂದೇ ಬಣ್ಣ, ಟೀಚರ್. ಯಾರನ್ನ ಬೈಲಿ ನಾನು?"

ಬಳಿಕ ಊಟವಾಯಿತು. ತೆಂಗಿನಹಾಲಿನ ಜಿಗುಟನ್ನ, ಹುರಿದ ಮೀನು, ಬಾಳೆಯೆಲೆಯಲ್ಲಿ ಬೇಯಿಸಿದ ಬಾಳೆಹಣ್ಣಿನ ಬಾರೊಂಕೊ. ಅಲ್ಲಿ ಮಾತ್ರ ಇನ್ನೂರೆಂಬತ್ತು ಜನರೂ ಒಬ್ಬರಿಗೊಬ್ಬರು ಕಾಯದೆ ಪೂರ್ತಿ ಬಲ ಹಾಕಿದರು. ಸಂಜೆಯ ಹೊತ್ತಿಗೆ ಊರು ಖಾಲಿ, ಪಾತ್ರೆ ಖಾಲಿ, ರಸ್ತೆಯಲ್ಲಿ ನಾನು ಮತ್ತು ಮನೆ.

ಮರುದಿನವೇ ಅಂಬೊ ಸಕ್ಕಾ ನಲವತ್ತೆಂಟು ಜನರನ್ನು ಕೂಡಿಸಿ ಉಳಿದ ದಾರಿ ಮುಗಿಸಲು ಹೊರಟಿದ್ದ. ತಮ್ಮ ಕಚೇರಿ ತಡೆಯಿತು. ಮಹೋತ್ಸವ ಮುಗಿದಿಲ್ಲವಂತೆ, ಎರಡನೆಯ ಹಂತ ಬಾಕಿ ಇದೆಯಂತೆ, ಜನ ಸಾಲದೆ ಹೀಗಾದ ಕಾರಣ ಮುಂದಿನ ಸಲ ಐನೂರು ಜನ ಬರುತ್ತಾರಂತೆ. ಜೊತೆಗೆ ನನಗೊಂದು ನೋಟಿಸು: ರಸ್ತೆಗೆ ಅಡ್ಡವಾಗಿರುವ ವಸ್ತುವಿನ ಬಳಿ ಅದರ ಮಾಲೀಕರು ಹಗಲಿರುಳು ಹಾಜರಿರತಕ್ಕದ್ದು. ಆ ವಸ್ತುವಿನ ಕಿಟಕಿಯಲ್ಲಿ ಕೂತು ಈ ಪತ್ರ ಬರೆಯುತ್ತಿದ್ದೇನೆ.

ಈ ವಯಸ್ಸಿನಲ್ಲಿ ನಾನು ಮನೆ ಹೊರಿಸಿಕೊಂಡು ಹೊರಟದ್ದು ಏಕೆಂದು ತಾವು ಕೇಳಲಿಲ್ಲ. ಈಗಲಾದರೂ ಕೇಳಿ. ನನ್ನ ಅಕ್ಕ ತೆನ್ರಿ ಸೊಂಟ ಮುರಿದು ಹಾಸಿಗೆ ಹಿಡಿದು ಐದು ತಿಂಗಳಾಯಿತು. ಏಣಿ ಹತ್ತಿ ನನ್ನ ಮನೆಗೆ ಅವಳು ಬರುವಂತಿಲ್ಲ. ಅವಳ ಮನೆ ಅಂಗೈಯಗಲ, ಇನ್ನೊಂದು ಚಾಪೆಗೂ ಜಾಗವಿಲ್ಲ. ಆದ್ದರಿಂದ ನನ್ನ ಮನೆಯನ್ನೇ ಅವಳ ಗೋಡೆಗೆ ತಾಗಿಸಿ ನಿಲ್ಲಿಸೋಣವೆಂದುಕೊಂಡೆ.

ಮೊನ್ನೆ ಮಂಗಳವಾರ ಬೆಳಗ್ಗೆ ಅಕ್ಕ ನೀರಿಗೆ ಕೈ ಚಾಚಿ ಹಾಸಿಗೆಯಿಂದ ಬಿದ್ದಳು. ಕೂಗಿದಳು. ಸುತ್ತ ಹನ್ನೊಂದು ಮನೆಗಳಿಗೆ ಕೇಳಿಸಿತು. ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿ ಗೊತ್ತುಮಾಡಿಕೊಂಡಿದ್ದೇನೆ. ಹನ್ನೊಂದು ಮನೆಯವರೂ ಒಳ್ಳೆಯವರೇ. ಪಕ್ಕದವರು ಹೋಗಿರ್ತಾರೆ ಅಂದ್ಕೊಂಡ್ವಿ ಎಂದು ಹನ್ನೊಂದು ಮನೆಯವರೂ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ನೋಟಿಸನ್ನು ಲೆಕ್ಕಿಸದೆ ಮಧ್ಯಾಹ್ನ ನಾನು ಗಂಜಿ ಒಯ್ದಾಗ ಅವಳು ನೆಲದ ಮೇಲೇ ಇದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳೇ ನನ್ನನ್ನು ಸಮಾಧಾನ ಮಾಡಿದಳು.

"ಇಷ್ಟೊಂದು ಜನಕ್ಕೆ ಕೇಳ್ಸಿರತ್ತೆ, ಯಾರಾದ್ರೂ ಬಂದೇ ಬರ್ತಾರೆ ಅಂತ ಧೈರ್ಯವಾಗಿದ್ದೆ ಕಣೇ," ಎಂದಳು. "ಆಮೇಲಾಮೇಲೆ ಕೂಗೋದೂ ಬಿಟ್ಟೆ."

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಐನೂರು ಜನರನ್ನು ಕಳಿಸಬೇಡಿ. ಬರುವ ಶುಕ್ರವಾರ ನಲವತ್ತೆಂಟು ಜನ, ತಮ್ಮ ತಮ್ಮ ಅಂಗಿಯಲ್ಲಿ, ತಮ್ಮ ತಮ್ಮ ಕಂಬದ ಬಳಿ ನಿಲ್ಲುತ್ತಾರೆ, ಹೆಸರುಗಳನ್ನು ಲಗತ್ತಿಸಿದ್ದೇನೆ. ಕ್ಯಾಮೆರಾ ಬೇಡ. ತಾವು ಬರಬೇಕೆಂದಿದ್ದರೆ ಹಿಂದಿನ ಸಾಲಿನ ಎಡ ಕಂಬದಲ್ಲಿ ಒಂದು ಹೆಗಲಿನ ಜಾಗ ಮಾಡಿಕೊಡುತ್ತೇವೆ. ಆ ಕಂಬ ಕುಸಿದರೆ ಅಂಬೊ ಸಕ್ಕಾ ತಮ್ಮ ಹೆಸರನ್ನೇ ಹಿಡಿದು ಕೂಗುತ್ತಾನೆ, ಅದಕ್ಕೆ ತಯಾರಾಗಿ ಬನ್ನಿ. ತಮ್ಮಿಂದ ಇದಾಗದಿದ್ದರೆ ತಡೆಯನ್ನಾದರೂ ತೆಗೆಯಿರಿ, ಉಳಿದದ್ದನ್ನು ನಾವೇ ಮುಗಿಸಿಕೊಳ್ಳುತ್ತೇವೆ.

ನನಗೆ ಬೇಕಿರುವುದು ತೊಂಬತ್ತು ಹೆಜ್ಜೆ. ಅಷ್ಟು ಸಾಗಿದರೆ ಅಕ್ಕ ಕೂಗಿದಾಗ ಅದು ಊರಿಗೆ ಕೇಳಿಸದಿದ್ದರೂ ಪರವಾಗಿಲ್ಲ. ಕರೆದದ್ದು ನನ್ನನ್ನೇ ಎಂದು ನನಗೆ ಗೊತ್ತಿರುತ್ತದೆ.

ಇಂತಿ,
ತಮ್ಮ ದಾರಿಗೆ ಅಡ್ಡವಾಗಿರುವ ವಸ್ತುವಿನ ಮಾಲೀಕಳು,
ಸರ್ವಾನುಮತದಲ್ಲಿ ಸುಮ್ಮನಿದ್ದವರಲ್ಲಿ ಒಬ್ಬಳು,
ಮರ್ದಿಯಾ
ನಿವೃತ್ತ ಲೆಕ್ಕದ ಟೀಚರ್