ಮಣಿಕಟ್ಟಿನ ಕುದುರೆ

ಭಾನುವಾರ, ಮಧ್ಯಾಹ್ನ

ಮುದ್ದು ಪುಟ್ಟಿ,

ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ ‘ಆಮೇಲೆ ಮಾಡ್ತೀನಿ ಚಿಕ್ಕಮ್ಮ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದುವ ಪೈಕಿ ನೀನು ಎಂದು ನನಗೆ ಗೊತ್ತು.

ನೀನು ಅಳುತ್ತಾ ಹೇಳಿಕೊಂಡದ್ದನ್ನೆಲ್ಲ ನಿಮ್ಮಪ್ಪ ನನಗೆ ಹೇಳಿದರು. ‘ಚಿಕ್ಕಮ್ಮಂಗೆ ಮಾತ್ರ ಹೇಳ್ಬೇಡಪ್ಪ’ ಅಂದೆಯಂತೆ. ಅವರ ಹೊಟ್ಟೆಯಲ್ಲಿ ಯಾವ ಮಾತು ನಿಂತಿದೆ ಹೇಳು? ಚಪ್ಪಲಿ ಬಿಡುವ ಮೊದಲೇ ಹೇಳಿ ಮುಗಿಸಿದರು.

ಹಲ್ಲಿನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಆ ಹೆಂಗಸು ಬಾಯಿ ಅಗಲಿಸಿಕೊಂಡು ಮಲಗಿದ್ದಳಂತೆ. ನೀನು ಬಾಯಿಯ ನೀರು ಎಳೆಯುವ ಕೊಳವೆ ಹಿಡಿದು ಪಕ್ಕದಲ್ಲಿದ್ದೆಯಂತೆ. ಅವಳು ನಿನ್ನ ಮಣಿಕಟ್ಟಿನ ಹಚ್ಚೆಯತ್ತ ಬೆರಳು ಮಾಡಿ ‘ಆ, ಆ’ ಎಂದದ್ದಕ್ಕೆ, ನೋವಿರಬೇಕೆಂದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರಂತೆ. ಪಾಪ, ಆಮೇಲೆ ಬಾಯಿ ಮುಕ್ಕಳಿಸಿ, ಮರಗಟ್ಟಿದ ತುಟಿಯಲ್ಲೇ ‘ಕೈ ಮೇಲೆ ಕುದುರೆ ಅಂತ ಯಾಕೆ ಬರೆಸ್ಕೊಂಡಿದ್ದೀರಿ?’ ಎಂದು ಕೇಳಿದಳಂತೆ. ಚೀನೀ ಅವಳ ಮನೆಮಾತು. ಚೀನೀ ಅಕ್ಷರದಲ್ಲಿ ಅಮ್ಮ ಎಂದಿದೆ ಅಂದುಕೊಂಡು ನೀನು ಇಷ್ಟು ದಿನ ಹೊತ್ತು ತಿರುಗಿದ್ದು ಕುದುರೆ. ಈಗ ನೀನು ಒಳಗೆ ಕಾಲಿಟ್ಟರೆ ಸಾಕು, ಜೊತೆಯವರು ನಾಲಿಗೆಯಲ್ಲಿ ಟಕ್ ಟಕ್ ಎಂದು ಗೊರಸಿನ ಸದ್ದು ಮಾಡುತ್ತಾರಂತೆ. ಗುರುವಾರ ಲೇಸರ್‌ನಲ್ಲಿ ಸುಡಿಸಿ ಅಳಿಸಿಬಿಡುತ್ತೇನೆ ಎಂದೆಯಂತೆ.

ನಿಮ್ಮಪ್ಪ ‘ಸದ್ಯ, ಕತ್ತೆ ಅಂತ ಬರ್ಲಿಲ್ವಲ್ಲ’ ಎಂದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ? ಕುದುರೆ ಕಂಡರೆ ಕಾಲುನೋವು ಎನ್ನುತ್ತಾರೆ, ನಮ್ಮ ಪುಟ್ಟಿಗೆ ಕೈನೋವು ಬಂತಲ್ಲ ಎಂದೆ. ಆಮೇಲೆ ನೀನು ಬಿಕ್ಕಿ ಬಿಕ್ಕಿ ಅತ್ತೆ ಎಂದು ಹೇಳಿದರು. ನನ್ನ ನಗು ಅಲ್ಲಿಗೇ ನಿಂತಿತು.

ಶುಕ್ರವಾರ ನಮ್ಮ ಕನ್ನಡಕದಂಗಡಿಗೆ ಚೀನೀ ಕಲಿಸುವ ಟೀಚರ್ ಒಬ್ಬರು ಫ್ರೇಮಿನ ಸ್ಕ್ರೂ ಬಿಗಿ ಮಾಡಿಸಲು ಬಂದಿದ್ದರು. ನೀನು ಅಪ್ಪನಿಗೆ ಕಳಿಸಿದ್ದ ಫೋಟೋ ತೋರಿಸಿದೆ. ಅವರ ‘ಅಮ್ಮ’ನ ಅಕ್ಷರಕ್ಕೆ ಎರಡು ಭಾಗವಂತೆ. ಎಡಗಡೆಯದು ಹೆಣ್ಣು, ಬಲಗಡೆಯದು ಕುದುರೆ. ಕುದುರೆ ಬರೀ ಉಚ್ಚಾರಣೆಗೆ ಮಾತ್ರ, ಸವಾರಿಗಲ್ಲ. ಎರಡೂ ಸೇರಿದರೆ ಅಮ್ಮ. ನೀನು ಫೋನಿನಿಂದ ಕೊಟ್ಟ ಚಿತ್ರದ ಎಡ ಅಂಚು ಕತ್ತರಿಸಿಹೋಗಿರಬೇಕು. ಹಚ್ಚೆಯವನು ಕಂಡಷ್ಟನ್ನು ಕಂಡ ಹಾಗೇ ಇಳಿಸಿದ್ದಾನೆ. ಅವನಿಗೂ ಓದಲು ಬಾರದು, ನಿನಗೂ ಬಾರದು. ಇಬ್ಬರೂ ಸೇರಿ ಹೆಣ್ಣನ್ನು ಬಿಟ್ಟು ಕುದುರೆಯನ್ನು ಮನೆಗೆ ಕರೆತಂದಿರಿ.

ನಿನ್ನನ್ನು ಬೈಯುತ್ತಿಲ್ಲ. ಗೋಡೆಯ ಮೇಲಿನ ಅಕ್ಷರ ಕಾಣದಿದ್ದರೂ ಕಂಡವರ ಹಾಗೆ ಧೈರ್ಯವಾಗಿ ಓದುವವರನ್ನು ನಾನು ದಿನಾ ನೋಡುತ್ತೇನೆ. ಅವರನ್ನು ಎಬ್ಬಿಸಿ ಕಳಿಸುತ್ತೇನೆಯೇ? ಇನ್ನೊಂದು ಗಾಜು ಹಾಕಿ ನೋಡುತ್ತೇನೆ. ನಿನಗೂ ಅದನ್ನೇ ಹೇಳುವುದು, ಸುಡಿಸಬೇಡ. ಎಡಗಡೆ ಬೇಕಾದಷ್ಟು ಜಾಗ ಇದೆ. ಬಿಟ್ಟುಹೋದ ಭಾಗವನ್ನು ಟೀಚರ್ ತಾವೇ ಬರೆದುಕೊಡುತ್ತಾರಂತೆ.

ಇನ್ನು ಮುಖ್ಯವಾದ ಮಾತು. ಇದನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ನನಗೆ ಅರ್ಥವಾಗುತ್ತದೆ. ನಿನ್ನಮ್ಮನ ನೆನಪಿಗೆ ಹಾಕಿಸಿಕೊಂಡದ್ದು ನೋಡಿ ಚಿಕ್ಕಮ್ಮನಿಗೆ ಬೇಜಾರಾದೀತು ಎಂದುಕೊಂಡೆ, ಅಲ್ಲವಾ? ಹುಚ್ಚಿ. ನಾನು ಈ ಮನೆಗೆ ಬಂದ ದಿನ ನೀನು ಬೀರುವಿನ ಪಕ್ಕಕ್ಕೆ ಅಂಟಿಕೊಂಡು ನಿಂತಿದ್ದೆ. ಮುಂದಿನ ಹಲ್ಲು ಬಿದ್ದಿತ್ತು. ನೆಂಟರೆಲ್ಲ ‘ಅಮ್ಮಾ ಅನ್ನು, ಅನ್ನು’ ಎಂದು ದುಂಬಾಲು ಬಿದ್ದಿದ್ದರು. ನಿನ್ನ ಗಲ್ಲ ನಡುಗುವುದನ್ನು ನೋಡಲಾಗದೆ ನಾನೇ ‘ಚಿಕ್ಕಮ್ಮ ಅಂದ್ರೆ ಸಾಕು ಪುಟ್ಟಿ, ಅಮ್ಮ ಅನ್ನೋದು ಅವರಿಗೇ ಇರ್ಲಿ’ ಎಂದೆ. ಆ ಮಾತು ಇವತ್ತಿಗೂ ಹಾಗೇ ಇದೆ. ಜ್ವರ ಬಂದಾಗ ನನ್ನ ಮಗ್ಗುಲಿಗೇ ಬಂದು ಮಲಗುತ್ತಿದ್ದೆ, ಮೊದಲ ಕೆಲಸ ಸಿಕ್ಕಾಗ ಮೊದಲ ಫೋನು ನನಗೇ ಬಂತು. ಇದಕ್ಕಿಂತ ಇನ್ನೇನು ಬೇಕು ನನಗೆ? ನಾಲ್ಕು ಜನ ನಕ್ಕರೆಂದು ನಿನ್ನಮ್ಮನನ್ನು ಕೈಯಿಂದ ಅಳಿಸಬೇಡ. ನೀನು ಹೂಂ ಎಂದರೆ ರಜೆ ಹಾಕಿ ನಾನೇ ಜೊತೆಗೆ ಬರುತ್ತೇನೆ.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ,
ಚಿಕ್ಕಮ್ಮ

ಬರೆಯಲು ಮರೆತದ್ದು: ಟೀಚರ್ ಫೋಟೋ ನೋಡಿ ‘ಮಗಳು ನಿಮಗೋಸ್ಕರ ಹಾಕಿಸ್ಕೊಂಡಿದ್ದಾಳಾ?’ ಎಂದು ಕೇಳಿಬಿಟ್ಟರು. ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಚ್ಚಿ ಬಿಗಿ ಮಾಡಿದೆ.

ಬುಧವಾರ

ನನ್ನ ಚಿಕ್ಕಮ್ಮನಿಗೆ,

ಕಾಗದ ಹರಿಯಲಿಲ್ಲ. ಕ್ಲಿನಿಕ್ಕಿನ ಸ್ಟೋರ್ ರೂಮಿನಲ್ಲಿ ಹತ್ತಿಯ ಪೆಟ್ಟಿಗೆಗಳ ಮೇಲೆ ಕೂತು ಓದಿದೆ. ಡಾಕ್ಟರು ಕೂಗುತ್ತಲೇ ಇದ್ದರು, ನಾನು ಏಳಲಿಲ್ಲ. ನಾಳೆಯ ಲೇಸರ್ ಬೇಡವೆಂದು ಹೇಳಿಬಿಟ್ಟಿದ್ದೇನೆ.

ಆದರೆ ಊರಿಗೆಲ್ಲ ಕನ್ನಡಕ ಕೊಡುವವಳು ನೀನು, ಕಣ್ಣೆದುರಿಗೆ ಇರುವುದು ನಿನಗೇ ಕಾಣಲಿಲ್ಲವಲ್ಲ! ಅಮ್ಮನಿಗೆ ಚೀನೀ ಯಾಕೆ ಬೇಕು ಹೇಳು. ಅವಳನ್ನು ನಾನು ಫೋಟೋದ ಮುಂದೆ ನಿಂತು ಕನ್ನಡದಲ್ಲೇ ಅಮ್ಮ ಎನ್ನುತ್ತೇನೆ. ಆ ಮಾತನ್ನು ನೀನೇ ಅವಳಿಗೆ ಬಿಟ್ಟುಕೊಟ್ಟೆ, ನಾನೂ ಜೋಪಾನವಾಗಿ ಇಟ್ಟುಕೊಂಡೆ. ದೊಡ್ಡವಳಾದ ಮೇಲೆ ನಿನ್ನನ್ನು ಹಾಗೆ ಕರೆಯಬೇಕು ಎಂದು ಎಷ್ಟು ಸಲ ಅನ್ನಿಸಿದೆಯೋ! ಬಾಯಿ ತೆರೆದರೆ ಅವಳಿಂದ ಕಿತ್ತುಕೊಂಡ ಹಾಗಾದೀತೆಂದು ಭಯ. ಸುಮ್ಮನಿದ್ದರೆ ಚಿಕ್ಕಮ್ಮ ಎಂಬುದು ನಿನಗೆ ಸಾಲದು ಎಂದು ಸಂಕಟ. ಅದಕ್ಕೆ, ನಮ್ಮ ಮನೆಯಲ್ಲಿ ಯಾರೂ ಬಳಸದ ಇನ್ನೊಂದು ‘ಅಮ್ಮ’ನನ್ನು ಹುಡುಕಿಕೊಂಡು ಚೀನಾದವರೆಗೂ ಹೋದೆ.

ಅದು ನಿನ್ನದು ಚಿಕ್ಕಮ್ಮ. ಮೊದಲಿನಿಂದಲೂ ನಿನ್ನದೇ.

ನಿನಗೆ ತೋರಿಸಲು ನಾಚಿಕೆಯಾಗಿ ಇವತ್ತು ನಾಳೆ ಎಂದು ದೂಡುತ್ತಿದ್ದೆ. ಅಷ್ಟರಲ್ಲಿ ಅದು ಕುದುರೆ ಎಂದು ಗೊತ್ತಾಯಿತು. ಜನ ನಕ್ಕದ್ದಕ್ಕೆ ನಾನು ಅಳಲಿಲ್ಲ. ನಿನಗೆಂದು ತಂದದ್ದು ಕೊಡುವ ಮೊದಲೇ ಕೆಟ್ಟುಹೋಯಿತಲ್ಲ ಎಂದು ಅತ್ತೆ. ಶನಿವಾರ ಬರುತ್ತೇನೆ. ಟೀಚರಿಗೂ ಹೇಳಿಡು.

ಪ್ರೀತಿಯಿಂದ,
ನಿನ್ನ ಪುಟ್ಟಿ

ಇನ್ನೊಂದು ಮಾತು: ಹಚ್ಚೆಯವನ ಹತ್ತಿರ ನೀನೂ ಒಳಗೇ ಬರಬೇಕು. ಸೂಜಿ ತಾಗಿದಾಗ ನಾನು ಖಂಡಿತ ‘ಅಮ್ಮಾ’ ಎಂದು ಕಿರುಚುತ್ತೇನೆ. ಯಾರನ್ನು ಕರೆದೆ ಎಂದು ಯೋಚಿಸುತ್ತಾ ನಿಲ್ಲಬೇಡ. ‘ಏನೇ?’ ಅನ್ನು, ಸಾಕು.